ನಲ್ಲಿಯ ಲಗ್ನಪತ್ರಿಕೆ

ನಮ್ಮ ಚಾಚಾ ಯಾರನ್ನೂ ಬೆನ್ನ ಹಿಂದೆ ಅಣಕಿಸಿದವರಲ್ಲ. ಅಣಕಿಸುವುದಿದ್ದರೆ ಅವರ ಮನೆಗೇ ಹೋಗಿ, ಅವರದೇ ಚಹಾ ಕುಡಿದು, ಅವರೆದುರಿಗೇ ಅಣಕಿಸುವರು! ಇಂಥ ಸಂಭಾವಿತರು ನಿಮ್ಮೂರಲ್ಲಿ ಇದ್ದಾರೆಯೇ?

ಚಾಚಾ ಅಂದರೆ ರಕ್ತಸಂಬಂಧವಲ್ಲ. ಶಹಾಬಾದಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು. ಅಪ್ಪ ತೀರಿಕೊಂಡ ಮೇಲೆ ನನಗೂ ಅವ್ವನಿಗೂ ಅವರೇ ಹಿರಿಯರು. ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದ ಕಾಲ. ಕಾಲಿನಿಂದ ತುಳಿಯುವ ಅಚ್ಚಿನ ಮಷೀನಿನಲ್ಲಿ ಲಗ್ನಪತ್ರಿಕೆ ಮುದ್ರಿಸುತ್ತಿದ್ದರು. ವಾರಕ್ಕೊಮ್ಮೆ ಒಂದೇ ಹಾಳೆಯ ಪತ್ರಿಕೆಯನ್ನೂ ತರುತ್ತಿದ್ದರು. ಅದರಲ್ಲಿ ಬರುವ ಅಣಕವನ್ನು ಅದಕ್ಕೆ ಗುರಿಯಾದವರು ಮೊದಲು ಕೇಳಬೇಕು. ಅವರು ನಕ್ಕರೆ ಮಾತ್ರ ಅಚ್ಚು. ಇದು ಅವರ ನೇಮ. ಒಬ್ಬ ವಕೀಲರು ನಗುವ ಬದಲು ಚಪ್ಪಲಿ ಎಸೆದರು. ಚಾಚಾ ಅದನ್ನು ಎತ್ತಿ ನೋಡಿ, "ಒಂದೇ ಒಗದಾರ. ಅರ್ಧ ಒಪ್ಪಿಗಿ ಅದ, ಬೇಟಿ!" ಅಂದರು ನನಗೆ.

ಆ ಬೇಸಿಗೆಯಲ್ಲಿ ಊರಿನ ನಲ್ಲಿಗಳಲ್ಲಿ ನೀರಿರಲಿಲ್ಲ. ಚಾಚಾ ಒಂದು ಲಗ್ನಪತ್ರಿಕೆ ಬರೆದರು. ವರ ನಲ್ಲಿ, ವಧು ನೀರು. 'ವಧು ದಾರಿಯಲ್ಲಿದ್ದಾಳೆ, ವರ ಬಾಯಿ ತೆರೆದುಕೊಂಡು ನಿಂತಿದ್ದಾನೆ.' ಕೆಳಗೆ ಆಮಂತ್ರಿಸುವವರೆಂದು ಪುರಸಭೆಯ ಅಧ್ಯಕ್ಷರ ಹೆಸರು. ನೇಮದಂತೆ ಅವರ ಮನೆಗೆ ಹೋಗಿ ಓದಿದರು. ನಾನೂ ಜೊತೆಗಿದ್ದೆ. ಅಧ್ಯಕ್ಷರು ನಕ್ಕರು. ಅಚ್ಚಾಯಿತು.

ಆದರೆ ಚಾಚಾ ಕಸುಬಿನಲ್ಲಿ ಕಟ್ಟುನಿಟ್ಟು. ಲಗ್ನಪತ್ರಿಕೆ ಅಂದ ಮೇಲೆ ಮೂಲೆಗೆ ಅರಿಶಿನ ಹಚ್ಚದೆ ಬಿಡುವುದುಂಟೇ? ಹಚ್ಚಿ ಸುತ್ತಲಿನ ಊರಿಗೆಲ್ಲ ಹಂಚಿದರು! ರಾವೂರಿನ ಒಬ್ಬ ಮುದುಕಿಗೆ ಓದಲು ಬರುತ್ತಿರಲಿಲ್ಲ. ಅರಿಶಿನ ಕಂಡಳು, ಕೆಳಗಿನ ಹೆಸರನ್ನಷ್ಟೇ ಯಾರಿಂದಲೋ ಓದಿಸಿದಳು, ಇಳಕಲ್ ಸೀರೆ ಉಟ್ಟು, ಉಡುಗೊರೆಗೆಂದು ಕುಪ್ಪಸದ ಕಣ ಹಿಡಿದು ಅಧ್ಯಕ್ಷರ ಬಾಗಿಲಿಗೆ ಬಂದಳು.

"ಯಪ್ಪಾ, ಹಂದರ ಎಲ್ಲಿ ಹಾಕೀರಿ? ಮದುಮಗ ಎಲ್ಲಿದಾನ?"

ಓಣಿಯೆಲ್ಲ ನಕ್ಕಿತು. ಈ ಸಲ ಅಧ್ಯಕ್ಷರು ನಗಲಿಲ್ಲ. ಸುಳ್ಳು ಸುದ್ದಿ, ಮಾನಹಾನಿ ಎಂದು ದಾವೆ ಹೂಡಿದರು. ಸೋತರೆ ದಂಡಕ್ಕೆ ಚಾಚಾರ ಮಷೀನೇ ಹೋಗುವುದಿತ್ತು.

ಅಂದು ಅವರು ನಕ್ಕದ್ದನ್ನು ಕಂಡ ಬೇರೆ ಸಾಕ್ಷಿ ನಾನೊಬ್ಬಳೇ. ನಾನೋ ಪುರಸಭೆಯ ಶಾಲೆಯಲ್ಲಿ ಹೊಸ ಟೀಚರು. ನನ್ನ ಪಗಾರದ ಮೇಲೆಯೇ ನಮ್ಮ ಮನೆ. ಚಾಚಾರ ಪರ ವಕೀಲರು ನನ್ನನ್ನು ಸಾಕ್ಷಿಗೆ ಕರೆಸಬೇಕೆಂದಾಗ ಚಾಚಾ ಗುಡುಗಿದರು: "ಮಷೀನ್ ಹೋದ್ರ ಹೋಗ್ಲಿ. ಈ ಪೋರಿ ಅನ್ನಕ್ಕ ಕಲ್ಲ ಹಾಕಬ್ಯಾಡ್ರಿ!"

ಆದರೂ ಚಿತ್ತಾಪುರದ ಕೋರ್ಟಿಗೆ ನಾನೇ ಹೋದೆ. ಕಟಕಟೆ ಹತ್ತಿ ನಿಂತೆ. ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು, ಕಡಿಮೆಯೂ ಹೇಳಬಾರದು ಅಂದುಕೊಂಡೆ.

"ಅಧ್ಯಕ್ಷರು ನಕ್ಕರೇ?" ನ್ಯಾಯಾಧೀಶರು ಕೇಳಿದರು.

"ಹೌದ್ರಿ. ಮೊದಲು ಮುಗುಳ್ನಗಿ. ಬಾಯಿ ತೆರೆದ ವರನ ಮಾತು ಬಂದಾಗ ಜೋರಾಗಿ. ತಮ್ಮ ಹೆಸರು ಕೇಳಿದಾಗ ಚಹಾ ಧೋತರದ ಮ್ಯಾಲ ಚೆಲ್ಲಿತ್ರಿ."

ಕೋರ್ಟು ನಕ್ಕಿತು. ಅಧ್ಯಕ್ಷರು ಧೋತರ ನೋಡಿಕೊಂಡರು!

"ನಲ್ಲಿಗೆ ಮದುವೆ ಎನ್ನುವುದು ಸುಳ್ಳು ಸುದ್ದಿಯಲ್ಲ, ಅಣಕ. ಅಣಕಿಸಿದ್ದಕ್ಕೆ ಶಿಕ್ಷೆಯಿಲ್ಲ," ಎಂದರು ನ್ಯಾಯಾಧೀಶರು. "ಆದರೆ ಇನ್ನೊಬ್ಬರ ಹೆಸರಿನಲ್ಲಿ ಆಮಂತ್ರಣ ಕಳಿಸಬೇಡಿ. ಎಲ್ಲರಿಗೂ ಓದಲು ಬರುವುದಿಲ್ಲ." ಚಾಚಾ ತಲೆಬಾಗಿ ಒಪ್ಪಿದರು.

ನನ್ನ ನೌಕರಿಗೆ ಏನೂ ಆಗಲಿಲ್ಲ. ಅದೇ ಶಾಲೆಯಿಂದ ನಿವೃತ್ತಳಾದೆ. ಅಧ್ಯಕ್ಷರದು ದೊಡ್ಡ ಮನಸ್ಸೆಂದೇ ತಿಳಿದಿದ್ದೆ. ಚಾಚಾ ತೀರಿಕೊಂಡಾಗ ದುಃಖದ ಮನೆಗೆ ಮಾತಾಡಿಸಲು ಬಂದ ಅಧ್ಯಕ್ಷರೇ ಹೇಳಿದರು: ಗೆದ್ದ ದಿನ ಸಂಜೆ ಚಾಚಾ ಅವರ ಅಂಗಳಕ್ಕೆ ಬಂದು, ಟೋಪಿ ತೆಗೆದು ಕೈಮುಗಿದು ನಿಂತಿದ್ದರಂತೆ.

"ಸಾಹೇಬ್ರ, ನೀವೇ ಗೆದ್ದೀರಿ ಅನ್ಕೋರಿ. ಮಷೀನ್ ನಾಳೆ ತಂದು ಇಲ್ಲಿ ಇಳಸ್ತೀನಿ. ಆ ಪೋರಿ ನೌಕರಿ ಮಾತ್ರ ಮುಟ್ಟಬ್ಯಾಡ್ರಿ. ಆಕಿ ನನ್ನ ಮಗಳು."