ಮಾವನ ಹವಾನ, ಅಜ್ಜಿಯ ಹವನ

ನೀವು ಇದನ್ನು ನಂಬುವುದಿಲ್ಲ. ಬೇಡ ಬಿಡಿ, ನನಗೇನೂ ನಷ್ಟವಿಲ್ಲ. ನನ್ನ ಕ್ಲಾಸಿನವರೂ ನಂಬಲಿಲ್ಲ. ಆದರೆ ಮಂಗಳೂರಿನ ಬೋಳಾರದ ನಮ್ಮ ಮನೆಯ ಮಾಳಿಗೆಯಲ್ಲಿ, ಓರೆಯಾದ ಮಡಕೆಗಳು ಮತ್ತು ಒಡೆದ ಹೆಂಚುಗಳ ನಡುವೆ, ಕ್ಯೂಬಾ ದೇಶದ ಚುರುಟುಗಳಿಗೆ ತೀರ್ಪು ಕೊಡುವ ಒಬ್ಬ ನ್ಯಾಯಾಧೀಶರು ಕುಳಿತಿದ್ದರು. ಅವರು ನನ್ನ ಸೋದರಮಾವ. ಕ್ಯೂಬಾದವರಿಗೆ ಈ ವಿಷಯ ಇಂದಿಗೂ ಗೊತ್ತಿಲ್ಲ!

ಚುರುಟು ಎಂದರೆ ಮಾವನಿಗೆ ಸಿಟ್ಟು ಬರುತ್ತಿತ್ತು. "ಅಳಿಯಾ, ಚುರುಟು ಅಂದ್ರೆ ಗಾಡಿಯವರು ಸೇದುದು. ಇದಕ್ಕೆ ಹವಾನ ಅಂತ ಹೇಳು. ಬಾಯಿ ತುಂಬ ಹೇಳು."

ಮಾವ ಬಂದರಿನ ಒಂದು ಹಡಗು ಏಜೆಂಟರ ಕಚೇರಿಯಲ್ಲಿ ಗುಮಾಸ್ತರು. ದೊಡ್ಡ ಹಡಗುಗಳು ಅಳಿವೆಯ ಆಚೆ ದೂರದಲ್ಲೇ ಲಂಗರು ಹಾಕುತ್ತಿದ್ದವು. ಕಾಗದಗಳಿಗೆ ಸಹಿ ಹಾಕಿಸಲು ಮಾವ ದೋಣಿಯಲ್ಲಿ ಹೋಗಬೇಕು. ದೋಣಿ ಹತ್ತಿದರೆ ಮಾವನಿಗೆ ವಾಂತಿ. ಆದರೂ ಹೋಗುತ್ತಿದ್ದರು, ಏಕೆಂದರೆ ಹಡಗಿನ ಯಾವನೋ ಒಬ್ಬ ಅಧಿಕಾರಿ ಕನಿಕರಪಟ್ಟು ಒಂದು ಹವಾನ ಕೊಟ್ಟೇ ಕೊಡುತ್ತಿದ್ದ. ಮರಳಿ ಬರುವಾಗ ಮಾವನ ಮುಖ ಹಸಿರು, ಅಂಗಿ ಒದ್ದೆ, ಚಪ್ಪಲಿ ಸಮುದ್ರದ ಪಾಲು. ಎತ್ತಿ ಹಿಡಿದ ಬಲಗೈಯಲ್ಲಿ ಹವಾನ ಮಾತ್ರ ಬಿಸಿಲಿಗೆ ಒಣಗಿಸಿದ ಹಪ್ಪಳದಷ್ಟು ಗರಿಗರಿ!

ಅದನ್ನು ತಕ್ಷಣ ಹೊತ್ತಿಸುತ್ತಿದ್ದರು ಎಂದುಕೊಂಡಿರಾ? ಹೆಣ್ಣು ನೋಡುವುದಕ್ಕೂ ಅಷ್ಟು ಶಾಸ್ತ್ರವಿಲ್ಲ. ಒಂದು ಶನಿವಾರ ಬರೀ ಮೂಸುವುದು. ಮುಂದಿನ ಶನಿವಾರ ಕಿವಿಯ ಹತ್ತಿರ ಹಿಡಿದು ಬೆರಳಿನಲ್ಲಿ ಹೊರಳಿಸುವುದು. ನನ್ನ ಕಿವಿಗೂ ಹಿಡಿದರು.

"ಎಂತ ಕೇಳ್ತದೆ?"

"ಎಂತದೂ ಇಲ್ಲ ಮಾವ."

"ಅದೇ! ಒಳ್ಳೆ ಹವಾನ ಮಾತಾಡುದಿಲ್ಲ."

ತೀರ್ಪಿನ ದಿನ ಫಳ್ನೀರಿನಿಂದ ಪೊರ್ಬುಗಳು ಬರುತ್ತಿದ್ದರು. ಮಾವನ ಕಚೇರಿಯಲ್ಲೇ ಟೈಪಿಸ್ಟ್ ಆಗಿದ್ದ ಈ ಒಬ್ಬ ಕೊಂಕಣಿ ಕ್ರಿಶ್ಚಿಯನ್ ಗೃಹಸ್ಥರನ್ನು ನಮ್ಮ ಮನೆಯಲ್ಲಿ ಎಲ್ಲರೂ ಪೊರ್ಬು, ಗೌರವಕ್ಕೆ ಪೊರ್ಬುಗಳು ಎಂದೇ ಕರೆಯುತ್ತಿದ್ದರು. ಮಾವ ಕಣ್ಣು ಮುಚ್ಚಿ, ಒಂದು ದಮ್ಮು ಎಳೆದು, ಆಕಾಶವಾಣಿಯ ಗತ್ತಿನಲ್ಲಿ ಶುರು ಮಾಡುತ್ತಿದ್ದರು: "ಸುರುವಿಗೆ ತೆಂಗಿನ ಗರಟೆ ಸುಟ್ಟ ಹಾಗೆ... ನಡುವಿನಲ್ಲಿ ಸ್ವಲ್ಪ ಓಲೆಬೆಲ್ಲ... ಆಹಾ, ಕಡೆಗೆ ಒಣ ಬಂಗುಡೆಯ ಒಂದು ಎಳೆ!"

"ಬಂಗುಡೆ ನಿಮ್ಮ ಅಡುಗೆಕೋಣೆಯಿಂದ ಬರ್ತಾ ಉಂಟು ಮಾರಾಯ!" ಎನ್ನುತ್ತಿದ್ದರು ಪೊರ್ಬು.

ಹವಾನ ಒಣಗಬಾರದು, ಬೆವರಲೂಬಾರದು ಎಂದು ಯಾರೋ ಕ್ಯಾಪ್ಟನ್ ಮಾವನಿಗೆ ಹೇಳಿದ್ದ. ಮಂಗಳೂರಿನಲ್ಲಿ ಬೆವರದ ವಸ್ತು ಯಾವುದಿದೆ, ನೀವೇ ಹೇಳಿ! ಗೋಡೆ ಬೆವರುತ್ತದೆ, ಉಪ್ಪು ಬೆವರುತ್ತದೆ, ಕನ್ನಡ ಪಂಡಿತರಂತೂ ಪಾಠ ಶುರುವಾಗುವ ಮೊದಲೇ ಬೆವರುತ್ತಾರೆ. ಮಾವ ಬಹಳ ಯೋಚಿಸಿ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಯೊಳಗೆ ಹವಾನವನ್ನು ತುರುಕಿಟ್ಟರು. ಆ ತಿಂಗಳೆಲ್ಲ ನಾವು ಉಂಡ ಗಂಜಿಗೆ ಕ್ಯೂಬಾದ ಘಮ. ಅಮ್ಮ ಮೂಗು ಮುರಿದಳು. ಅಜ್ಜಿ ಮಾತ್ರ ಎರಡನೇ ಸಲ ಬಡಿಸಿಕೊಂಡು, "ಹೀಗಿನ ಅಕ್ಕಿ ನನ್ನ ಜನ್ಮದಲ್ಲಿ ಉಂಡದ್ದಿಲ್ಲ" ಎಂದರು. ಮರುದಿನ ಅಕ್ಕಿ ತರುವವನಿಗೆ ಆಜ್ಞೆಯಾಯಿತು, "ಇದೇ ಗದ್ದೆಯದ್ದು ತಾ!" ಅವನು ಇಂದಿಗೂ ಆ ಗದ್ದೆ ಹುಡುಕುತ್ತಿದ್ದಾನೆ.

ನಗಬೇಡಿ. ಅಜ್ಜಿಗೆ ನಿಜ ಗೊತ್ತಾಗಿದ್ದರೆ ಮಾವನಿಗೆ ಮನೆಯೇ ಇರುತ್ತಿರಲಿಲ್ಲ. ನಮ್ಮ ಅಜ್ಜ ಬೀಡಿ ಸೇದಿ, ಕೆಮ್ಮಿ ಕೆಮ್ಮಿಯೇ ಹೋದವರು. ಅವರು ಹೋದ ದಿನ ಅಜ್ಜಿ ಮನೆಯಲ್ಲಿದ್ದ ಬೀಡಿ ಕಟ್ಟುಗಳನ್ನೆಲ್ಲ ಹೊಳೆಗೆ ಎಸೆದು, "ಇನ್ನು ಈ ಮನೆಯಲ್ಲಿ ಹೊಗೆ ಬಿಟ್ಟವ ನನ್ನ ಮಗ ಅಲ್ಲ" ಎಂದಿದ್ದರಂತೆ. ಅವರಿಗಿದ್ದದ್ದು ಒಬ್ಬನೇ ಮಗ.

ಹಾಗಿರುವಾಗ ಒಂದು ಶನಿವಾರ ಏಣಿಯ ಬುಡದಿಂದ ಅಜ್ಜಿಯ ಸ್ವರ ಕೇಳಿತು. "ಮಗಾ, ಎಂತದಾ ಅದು ಹೊಗೆ?"

ಪೊರ್ಬು ಒಡೆದ ಹೆಂಚಿನಂತೆ ಬಿಳಿಚಿಕೊಂಡರು. ಹೆಂಚು ಕೆಂಪಗಿರುತ್ತದೆ ಎಂದು ನನಗೂ ಗೊತ್ತು, ಆದರೆ ನೀವು ಅವರ ಮುಖ ನೋಡಿಲ್ಲ. ತಾಯಿಯ ಎದುರು ಸುಳ್ಳು ಹೇಳಿ ಅಭ್ಯಾಸವೇ ಇಲ್ಲದ ಮಾವ ಹೆದರಿಕೆಯಲ್ಲಿ ಸತ್ಯವನ್ನೇ ಕಿರುಚಿಬಿಟ್ಟರು: "ಹವಾನ ಅಮ್ಮಾ, ಹವಾನ!"

ಅಜ್ಜಿಗೆ ಕಿವಿ ಸ್ವಲ್ಪ ಮಂದ ಎಂದು ನಾನು ಹೇಳಿರಲಿಲ್ಲ ಅಲ್ಲವೇ?

"ಹವನವಾ? ಮೊದಲೇ ಹೇಳುದಲ್ವಾ! ಮಿಂದಿದ್ದೀಯಾ?"

ಮಾವ ಮಿಂದಿರಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಮೀಯಬೇಕಾಯಿತು, ಅದೂ ಬಾವಿಕಟ್ಟೆಯಲ್ಲಿ, ತಣ್ಣೀರಿನಲ್ಲಿ, ಅಜ್ಜಿಯ ಕಾವಲಿನಲ್ಲಿ. ಹವನದ ದಿನ ಮೀನು ಬಂದ್! ಮೀನಿಲ್ಲದೆ ಅನ್ನದ ಬಟ್ಟಲನ್ನೇ ಗುರುತಿಸದ ಮನುಷ್ಯ ಬಾಳೆಲೆಯ ಮುಂದೆ ಕುಳಿತು ಸೌತೆಕಾಯಿ ಹುಳಿಯನ್ನು ಶತ್ರುವಿನಂತೆ ನೋಡುತ್ತಿದ್ದರು. ಭಟ್ಟರಿಲ್ಲದೆ ಹವನ ಹೇಗೆ ಎಂದು ಅಜ್ಜಿ ಕೇಳಿದ್ದಕ್ಕೆ ಪೊರ್ಬುಗಳೇ ಉತ್ತರ ಕೊಟ್ಟರು: "ಇದು ಹಡಗಿನ ಪದ್ಧತಿ ಅಮ್ಮಾ."

ಆಮೇಲೆ ಅಜ್ಜಿ ಪ್ರಸಾದ ಕೇಳಿದರು. ಮಾವ ಹಿತ್ತಾಳೆ ತಟ್ಟೆಯಲ್ಲಿ ಒಂದು ಚಿಟಿಕೆ ಬೂದಿ ಕಳಿಸಿದರು; ಹೊತ್ತುಕೊಂಡು ಇಳಿದವನು ನಾನು. ಬೂದಿ ಬೆಳ್ಳಗಿದ್ದರೆ ಎಲೆ ಒಳ್ಳೆಯದು ಎಂದು ಮೇಲೆ ಮಾವ ಹೇಳುತ್ತಿದ್ದರು. ಬೆಳ್ಳಗಿದ್ದರೆ ಹವನ ಫಲಿಸಿತು ಎಂದು ಕೆಳಗೆ ಅಜ್ಜಿ ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಗುಣಮಟ್ಟದ ವಿಷಯದಲ್ಲಿ ತಾಯಿ ಮಗನಿಗೆ ಇಷ್ಟು ಹೊಂದಾಣಿಕೆ ಬೇರೆ ಯಾವ ಮನೆಯಲ್ಲಿದೆ?

ಅಷ್ಟರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಗಿ ಸರಕಾರವೇ ಬದಲಾಯಿತೆಂದು ಪೇಪರಿನಲ್ಲಿ ಬಂತು. ಬೋಳಾರದಲ್ಲಿ ಅದಕ್ಕಾಗಿ ಊಟ ಬಿಟ್ಟವರು ನಮ್ಮ ಮಾವ ಒಬ್ಬರೇ. "ಇನ್ನು ಬರ್ತದೋ ಇಲ್ಲವೋ" ಎಂದು ನಿಟ್ಟುಸಿರಿಟ್ಟು, ಕಾದಿರಿಸಿದ್ದ ಬಹಳ ದಪ್ಪದ ಒಂದು ಹವಾನವನ್ನು ಹೊರತೆಗೆದರು. ನಮ್ಮ ಗಣಿತ ಮೇಷ್ಟ್ರ ಹೆಬ್ಬೆರಳಿನಷ್ಟಿತ್ತು ಅದು.

ಹವಾನದ ಹೊಗೆಯನ್ನು ಬಾಯಲ್ಲೇ ಇಟ್ಟು ಬಿಡಬೇಕು, ಒಳಗೆ ಎಳೆಯಬಾರದು ಎಂಬುದು ಶಾಸ್ತ್ರ. ಮಾವ ಒಪ್ಪುತ್ತಿರಲಿಲ್ಲ. "ಅಷ್ಟು ದೂರದಿಂದ ಬಂದವರನ್ನು ಬಾಗಿಲಿಂದಲೇ ಕಳಿಸುದಾ?" ಹೀಗೆ ಅತಿಥಿಗಳನ್ನು ಎದೆಯೊಳಗೆ ಕರೆದು ಕರೆದು, ಇತ್ತೀಚೆಗೆ ಅವರಿಗೆ ಒಂದು ಕೆಮ್ಮು ಹಿಡಿದಿತ್ತು. ಆ ದಿನವೂ ಎರಡು ದಮ್ಮು ಎಳೆದು, "ಸುರುವಿಗೆ..." ಎಂದವರು ಕೆಮ್ಮತೊಡಗಿದರು. ಬಹಳ ಹೊತ್ತು ಕೆಮ್ಮಿದರು.

ಏಣಿ ಕಿರುಗುಟ್ಟಿತು.

ಮಂಡಿನೋವಿನಿಂದ ವರ್ಷಗಟ್ಟಲೆ ಮಾಳಿಗೆ ಹತ್ತದ ಅಜ್ಜಿಯ ತಲೆ ನೆಲದಿಂದ ಮೂಡಿ ಬಂತು. ಒಂದು ಕೈಯಲ್ಲಿ ತುಪ್ಪದ ಸೌಟು. ಮಾವ ಹವಾನವನ್ನು ತಟ್ಟೆಯಲ್ಲಿಟ್ಟು ಕೈ ಮುಗಿದು ಕುಳಿತರು. ನಾನೂ ಮುಗಿದೆ. ಪೊರ್ಬುಗಳೂ ಮುಗಿದರು!

ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿ ಅಜ್ಜಿ ಆ ಕೆಂಡವನ್ನು ನೋಡಿದರು. "ಇಷ್ಟು ಚಿಕ್ಕ ಬೆಂಕಿಯಾ ಮಗಾ?"

"ಇಷ್ಟೇ ಅಮ್ಮಾ."

ಅಜ್ಜಿ ಏದುಸಿರು ಬಿಡುತ್ತಾ ಅದರ ಮುಂದೆ ಕುಳಿತರು. "ನನಗೆ ಬೇರೆಂತದೂ ಸರಿ ಕೇಳುದಿಲ್ಲ. ನೀನು ಕೆಮ್ಮುದು ಮಾತ್ರ ಕೇಳ್ತದೆ. ನಿನ್ನ ಅಪ್ಪನದ್ದೂ ಹೀಗೆಯೇ ಸುರುವಾದದ್ದು." ಆಮೇಲೆ ನಮ್ಮನ್ನೆಲ್ಲ ಬಿಟ್ಟು ಬೆಂಕಿಯ ಹತ್ತಿರ ಮಾತನಾಡಿದರು: "ಸ್ವಾಮೀ, ಇಷ್ಟು ದಿನ ಇವ ನಿನ್ನ ಸೇವೆ ಮಾಡಿದ್ದಾನೆ. ಆ ಕೆಮ್ಮು ಇವನಿಗೆ ಬೇಡ. ಕೊಡುದಾದ್ರೆ ನನಗೆ ಕೊಡು."

ಸೌಟು ಓರೆಯಾಯಿತು. ಚುಂಯ್ ಎಂದಿತು ಕ್ಯೂಬಾ. ಪೊರ್ಬುಗಳು ಎದೆಯ ಮೇಲೆ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡರು.

"ಮಂತ್ರ ಹೇಳು ಮಗಾ."

ಮಾವನ ಕಣ್ಣುಗಳಲ್ಲಿ ನೀರು. ಹೊಗೆಯಿಂದ ಎಂದು ಹೇಳಿಕೊಳ್ಳೋಣವೆಂದರೆ ಹೊಗೆಯೂ ಉಳಿದಿರಲಿಲ್ಲ.

"ಸ್ವಾಹಾ" ಎಂದರು.