ಒಗೆಯುವ ಕಲ್ಲು ನೋಡಿ ಒಪ್ಪಿದ ಸಂಬಂಧ

ನನ್ನ ಮಾವನವರು ನನ್ನನ್ನು ಸೊಸೆಯಾಗಿ ಒಪ್ಪಿಕೊಂಡದ್ದು ನನ್ನ ಮುಖ ನೋಡಿ ಅಲ್ಲ, ನಮ್ಮ ತವರುಮನೆಯ ಬಟ್ಟೆ ಒಗೆಯುವ ಕಲ್ಲು ನೋಡಿ! ನಗಬೇಡಿ. ಇದಕ್ಕೆ ಹರಿಹರದ ನಮ್ಮ ಓಣಿಯ ಅರ್ಧ ಜನ ಸಾಕ್ಷಿ ಇದ್ದಾರೆ.

ದಾವಣಗೆರೆಯಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದ ದಿನ ಅದು. ನಾನು ಹಸಿರು ಇಳಕಲ್ ಸೀರೆ ಉಟ್ಟು, ಉಪ್ಪಿಟ್ಟಿನ ತಟ್ಟೆ ಹಿಡಿದು ಪಡಸಾಲೆಗೆ ಬಂದರೆ ಎಲ್ಲರೂ ಇದ್ದಾರೆ, ಒಪ್ಪಬೇಕಾದ ಹಿರಿಯರೇ ಇಲ್ಲ! ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದವರು ಕಾಲು ಗಂಟೆಯಾದರೂ ಬಂದಿಲ್ಲ. ನಮ್ಮಪ್ಪ ಗಾಬರಿಯಿಂದ ಹೋಗಿ ನೋಡಿದರೆ, ಜರಿ ರುಮಾಲು ಸುತ್ತಿದ ದಾವಣಗೆರೆಯ ಅರಿವೆ ವ್ಯಾಪಾರಿ ಒದ್ದೆ ನೆಲದ ಮೇಲೆ ಬೋರಲು ಮಲಗಿ, ಒಗೆಯುವ ಕಲ್ಲಿನ ಅಡಿಗೆ ಕೈ ತೂರಿಸಿದ್ದಾರೆ.

"ಉಂಗುರ ಬಿತ್ತೇನ್ರಿ?" ಎಂದರು ನಮ್ಮಪ್ಪ.

"ಉಂಗುರ ಅಲ್ರೀ, ಕುದುರೆ! ಕುದುರೆ ಕಾಲು ಕೈಗೆ ಸಿಕ್ಕೈತೆ! ತಡೀರಿ, ಮ್ಯಾಲೆ ಸವಾರ ಇರ್ಬೇಕು!"

ಈ ಮನೆಗೆ ಹೆಣ್ಣು ಕೊಡುವುದೋ ಬೇಡವೋ ಎಂಬ ಯೋಚನೆ ನಮ್ಮಪ್ಪನಿಗೆ ಅಲ್ಲೇ ಹತ್ತಿತಂತೆ. ಕೊನೆಗೆ ನಾಲ್ಕು ಜನ ಸೇರಿ ಕಲ್ಲು ಮಗುಚಿದರು. ಅಜ್ಜಿಯ ಕಾಲದಿಂದ ನಾವು ಬಟ್ಟೆ ಬಡಿಯುತ್ತಿದ್ದ ಆ ಕಲ್ಲಿನ ಇನ್ನೊಂದು ಮೈಯಲ್ಲಿ ನಿಜವಾಗಿಯೂ ಒಬ್ಬ ವೀರ, ಕತ್ತಿ ಹಿರಿದು ಕುದುರೆಯ ಮೇಲೆ ಕುಳಿತಿದ್ದ! ಅವನ ಮುಂದೆ ದನಗಳ ಸಾಲು. ಊರ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವನಂತೆ. ಮಾವನವರ ಕಣ್ಣಲ್ಲಿ ನೀರು. ಒಳಗೆ ಬಂದವರು ನನ್ನ ಕಡೆ ತಿರುಗಿಯೂ ನೋಡದೆ, "ಸಂಬಂಧ ನಮಗೆ ಒಪ್ಪಿಗಿ ಐತ್ರೀ. ನೀವು ಏನೂ ಕೊಡೋದು ಬ್ಯಾಡ. ಆ ವೀರನ್ನ ಎಬ್ಬಿಸಿ ನಿಲ್ಲಿಸ್ರಿ, ಸಾಕು" ಎಂದುಬಿಟ್ಟರು. ಹುಡುಗ ಇನ್ನೂ ತಲೆಯೆತ್ತಿ ನನ್ನನ್ನು ನೋಡಿಯೇ ಇರಲಿಲ್ಲ!

"ಹಂಗಾದ್ರೆ ನಾವು ಬಟ್ಟಿ ಎಲ್ಲಿ ಒಗೀಬೇಕ್ರಿ?" ಎಂದು ನಮ್ಮಮ್ಮ ಬಾಗಿಲ ಸಂದಿಯಿಂದ ಕೇಳಿದಳು. ಎಂಟು ದಿನದಲ್ಲಿ ದಾವಣಗೆರೆಯಿಂದ ಗಾಡಿಯ ಮೇಲೆ ಹೊಸ ಒಗೆಯುವ ಕಲ್ಲು ಬಂದು ಇಳಿಯಿತು. ವೀರ ನಮ್ಮ ಮನೆಯ ಮುಂದಿನ ರಸ್ತೆ ಬದಿಯ ಬೇವಿನ ಮರದಡಿ ಎದ್ದು ನಿಂತ. ಅಷ್ಟು ಆಸೆಯಿದ್ದರೆ ದಾವಣಗೆರೆಗೇ ಒಯ್ಯಬಹುದಿತ್ತಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಬ್ಯಾಡ್ರಿ, ಜೀವ ಕೊಟ್ಟ ಊರಿಂದ ಅವರನ್ನ ಬಿಡಿಸ್ಬಾರದು" ಎಂದರಂತೆ. ಆ ಮಾತಿಗೆ ನಮ್ಮಪ್ಪ ಸೋತರು. ನನ್ನ ಮದುವೆ ಗೊತ್ತಾಯಿತು.

ವೀರಗಲ್ಲನ್ನು ನೀವೂ ನೋಡಿರುತ್ತೀರಿ. ದಾರಿ ಬದಿಯಲ್ಲಿ ಎಮ್ಮೆಗಳು ಮೈ ತಿಕ್ಕಿಕೊಳ್ಳುತ್ತಿರುತ್ತವಲ್ಲ, ಅದೇ. ಅದರಲ್ಲಿ ಮೂರು ಅಂತಸ್ತು. ಕೆಳಗೆ ವೀರ ಹೊಡೆದಾಡುತ್ತಾನೆ. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ತುದಿಯಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ನಮ್ಮ ಮಾವನವರು ಎಂಥ ಕಲ್ಲು ಕಂಡರೂ ಮೆಟ್ಟು ಬಿಟ್ಟು, ತಂಬಿಗೆ ನೀರು ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, "ಶರಣ್ರೀ" ಎಂದು ಮಾತಾಡಿಸಿಯೇ ಮುಂದೆ ಹೋಗುತ್ತಿದ್ದರು.

ಅಂದರೆ ಮಾವನವರು ಭಾರಿ ಧೈರ್ಯಸ್ಥರು ಎಂದುಕೊಂಡಿರಾ? ಹಲ್ಲಿ ಲೊಚಗುಟ್ಟಿದರೆ ಕೋಣೆ ಬದಲಾಯಿಸುವವರು! ಅಂಗಡಿಯಲ್ಲಿ ಗಿರಾಕಿ ದನಿ ಏರಿಸಿದರೆ ಇವರು ಬಟ್ಟೆಯ ಥಾನುಗಳ ಹಿಂದೆ ಮರೆಯಾಗಿ, ನನ್ನ ಗಂಡನನ್ನು ಮುಂದೆ ಕಳಿಸುತ್ತಿದ್ದರು. ಆದರೆ ಯುದ್ಧದ ಕಥೆ ಶುರುವಾಯಿತೋ, ಅರಿವೆ ಅಳೆಯುವ ಗಜದ ಕೋಲೇ ಕತ್ತಿ! ಕುಪ್ಪಸದ ಖಣ ಕೊಳ್ಳಲು ಬಂದ ಹೆಂಗಸರು ಇಡೀ ಕೋಟೆಯ ಮುತ್ತಿಗೆ ಕೇಳಿಸಿಕೊಂಡು, ಖಣ ಮರೆತು ಮನೆಗೆ ಹೋದದ್ದುಂಟು.

ಮದುವೆಯಾದ ಎಂಟನೇ ದಿನ, "ಹೊಸಾ ಜೋಡಿನ ಒಂದು ಪವಿತ್ರ ಜಾಗಕ್ಕೆ ಕರ್ಕೊಂಡ್ ಹೋಗ್ತೀನಿ" ಎಂದರು. ನಾನು ತಲೆ ತುಂಬ ಮಲ್ಲಿಗೆ ಮುಡಿದು, ಹಣ್ಣುಕಾಯಿ ಬುಟ್ಟಿ ಹಿಡಿದು ಹೊರಟೆ. ಪ್ಯಾಸೆಂಜರ್ ರೈಲಿನಲ್ಲಿ ಮಾಯಕೊಂಡಕ್ಕೆ ಇಳಿದು, ಎರಡು ಮೈಲಿ ನಡೆದು ನೋಡಿದರೆ ದೇವಸ್ಥಾನವೂ ಇಲ್ಲ, ಗೋಪುರವೂ ಇಲ್ಲ. ಜೋಳ ಕೊಯ್ದ ಬಯಲು!

"ಇದೇ ನೋಡವ್ವಾ!" ಎಂದು ಮಾವನವರು ಎರಡೂ ಕೈ ಚಾಚಿದರು. "ದುರ್ಗದ ನಾಯಕ ಆನೆ ಮ್ಯಾಲೆ ಕೂತು ಕಡೇ ಉಸಿರಿನ ತನಕ ಹೊಡೆದಾಡಿದ್ದು ಇಲ್ಲೇ!"

ಬಯಲು ತೋರಿಸಿ ಸುಮ್ಮನಾಗುವವರೇ ಅವರು? ನನ್ನ ಗಂಡನನ್ನು ದೂರದ ದಿಣ್ಣೆಯ ಮೇಲೆ ನಿಲ್ಲಿಸಿ ಶತ್ರುಸೈನ್ಯ ಮಾಡಿದರು. ನಾನು ಹಣ್ಣುಕಾಯಿ ಬುಟ್ಟಿ ಸಮೇತ ದುರ್ಗದ ಕಾಲಾಳು. ತಾವು ಹೊಲದ ಬದುವಿನ ಮೇಲೆ ಹತ್ತಿ ಆನೆ ಏರಿದರು. "ಮುಂದಕ್ ಬಾರವ್ವಾ! ಹೆದರಬ್ಯಾಡ! ನಾನಿದೀನಿ!" ಎಂದು ಕೂಗುತ್ತಿರುವಾಗಲೇ ಎಡಗಡೆಯ ಜಾಲಿ ಮರಗಳ ಸಂದಿಯಿಂದ ಒಂದು ಎಮ್ಮೆ ಬಂತು. ಅಷ್ಟೇ! ಆನೆ ಇಳಿದ ನಮ್ಮ ನಾಯಕರು ಓಡಿ ಬಂದು ನನ್ನ ಬೆನ್ನ ಹಿಂದೆ ಅಡಗಿ, ನನ್ನ ಹೊಸ ಸೀರೆಯ ಸೆರಗು ಬಿಗಿಯಾಗಿ ಹಿಡಿದುಕೊಂಡರು. ಎಮ್ಮೆ ನನ್ನ ಬುಟ್ಟಿಯ ಬಾಳೆಹಣ್ಣು ತಿಂದು, ಮುಖ ಒರೆಸಿಕೊಂಡು ಹೋಯಿತು.

ರೈಲಿನಲ್ಲಿ ನನ್ನ ಗಂಡ ಕಿಟಕಿ ಕಡೆ ತಿರುಗಿ ನಗು ತಡೆಯುತ್ತಿದ್ದರು. ಮಾವನವರು ರುಮಾಲು ಸರಿಮಾಡಿಕೊಂಡು, "ಸಮಯ ನೋಡಿ ಹಿಂದಕ್ಕೆ ಸರಿಯೋದೂ ಯುದ್ಧದಾಗೆ ಒಂದು ವಿದ್ಯೆನವ್ವಾ" ಎಂದರು. ಆಮೇಲೆ ಮಂಡಕ್ಕಿ ಕೊಡಿಸಿದರು.

ಅತ್ತೆಯವರ ಕಷ್ಟ ಬೇರೆ. ಕಲ್ಲಿನ ಮೇಲಿನ ಸವೆದ ಅಕ್ಷರ ಕಾಣಬೇಕಾದರೆ ಹಿಟ್ಟು ಹಚ್ಚಿ ಒರೆಸಬೇಕು. ಹಿಟ್ಟು ಗೀರುಗಳಲ್ಲಿ ಉಳಿದು ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಮಾವನವರು ಹೊರಟರೆಂದರೆ ರೊಟ್ಟಿಗೆಂದು ಇಟ್ಟ ಜೋಳದ ಹಿಟ್ಟಿನ ಡಬ್ಬಿ ಅರ್ಧ ಖಾಲಿ!

"ಸತ್ತೋರಿಗೆಲ್ಲ ಹಿಟ್ಟು ಹಚ್ಚಿ ಬರ್ತೀರಿ, ಬದುಕಿರೋರು ಏನ್ ತಿನ್ಬೇಕ್ರಿ?" ಎಂದು ಅತ್ತೆ.

"ಬದುಕಿರೋರು ಅನ್ನ ಉಣ್ರಿ!" ಎಂದು ಮಾವನವರು.

ಒಮ್ಮೆ ಶಾಮನೂರಿನ ದಾರಿಯಲ್ಲಿ, ಪೊದೆಯೊಳಗೆ ಅರ್ಧ ಹೂತ ಹಳೆಯ ಕಲ್ಲೊಂದು ಸಿಕ್ಕಿತು. ಊರಿನ ಹತ್ತು ಜನ ಸೇರಿದರು. ಮಾವನವರು ಪೊದೆ ಸವರಿ, ತೊಳೆದು, ಹಿಟ್ಟು ಹಚ್ಚುತ್ತ, ಇಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ದಿನ ಮಡಿದಿರಬೇಕೆಂದು ಕಥೆ ಕಟ್ಟಿ ಹೇಳಿದರು. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಹಿಟ್ಟು ಒರೆಸಿದಾಗ ಅಕ್ಷರ ಎದ್ದು ಬಂತು: ದಾವಣಗೆರೆ, ಮೂರು ಮೈಲಿ! ಮಾವನವರು ಒಂದು ಕ್ಷಣವೂ ತಬ್ಬಿಬ್ಬಾಗದೆ, "ಇರ್ಲಿ, ಇದೂ ಬಿಸಿಲು ಮಳೆಯಾಗೆ ನಿಂತು ದಾರಿ ಕಾಯ್ದೈತೆ" ಎಂದು ಅದಕ್ಕೂ ಕೈಮುಗಿದರು.

ಹೀಗಿರುವಾಗ ಹರಿಹರದಲ್ಲಿ ನನ್ನ ತಮ್ಮ ಸೈನ್ಯಕ್ಕೆ ಸೇರಿದ. ನಮ್ಮಮ್ಮ ಮೂರು ದಿನ ಅತ್ತಳು. ಮಾವನವರು ಮೂರು ದಿನ ಪೇಟೆ ತುಂಬ ಸಕ್ಕರೆ ಹಂಚಿದರು! "ಕಲ್ಲಾಗಿನ ವೀರರನ್ನೇ ನೋಡ್ತಿದ್ದೆ ಕಣವ್ವಾ. ಈಗ ಉಸಿರಾಡೋ ವೀರ ಬೀಗರ ಮನಿಯಾಗೇ ಹುಟ್ಟಿದ!" ಎನ್ನುವರು. ತರಬೇತಿ ಮುಗಿಸಿ ಮೊದಲ ರಜೆಗೆ ಬಂದವನನ್ನು ಸಮವಸ್ತ್ರದಲ್ಲೇ ಕರೆಸಿಕೊಂಡು, ಪೇಟೆಯಿಂದ ಆನೆಕೊಂಡದವರೆಗೆ ನಡೆಸಿ, ಅಲ್ಲಿನ ವೀರಗಲ್ಲುಗಳಿಗೆ "ಇವ್ನೂ ನಿಮ್ಮವನೇ ನೋಡ್ರಪ್ಪಾ" ಎಂದು ಪರಿಚಯ ಮಾಡಿಸಿದರು. ಅವನು ಕಲ್ಲುಗಳಿಗೆಲ್ಲ ಸಲ್ಯೂಟ್ ಹೊಡೆದ. ಇಬ್ಬರಿಗೂ ಆ ಬಿಸಿಲು ಗೊತ್ತೇ ಆಗಲಿಲ್ಲ.

ಮನೆಗೆ ಬಂದು ಊಟವಾದ ಮೇಲೆ ಮಾವನವರು ಗಜದ ಕೋಲು ತಂದರು.

"ಗ್ವಾಡಿಗೆ ನೆಟ್ಟಗೆ ನಿಂದ್ರು ತಮ್ಮಾ."

"ಅಂಗಿ ಹೊಲಿಸ್ತೀರೇನ್ರಿ ಮಾವಾರೆ?"

"ಅಂಗಿ ಯಾರು ಬೇಕಾದ್ರೂ ಹೊಲಿಸ್ತಾರೆ. ನಿಂಗೆ ನಾನು ಕಲ್ಲು ನಿಲ್ಲಿಸ್ತೀನಿ! ಮೂರಂತಸ್ತು! ಕೆಳಗೆ ನೀನು ಬಂದೂಕ ಹಿಡಕಂಡು, ಮ್ಯಾಲೆ ಕೈಲಾಸ! ಹೋಗೋ ಬರೋ ಬಸ್ಸೆಲ್ಲ ನಿಂತು ನೋಡ್ಬೇಕು! ಎರಡು ಗಜಕ್ಕೆ ನಾಲ್ಕು ಬೆರಳು ಕಮ್ಮಿ ಅದೀ."

ನಾನು ಮಜ್ಜಿಗೆ ಲೋಟ ಅಲ್ಲೇ ಕೆಳಗಿಟ್ಟೆ. ಅತ್ತೆಯವರು ಅಡಿಗೆಮನೆಯಿಂದ ಓಡಿಬಂದು, "ಬಿಡ್ತು ಅನ್ರಿ! ಮೊದ್ಲು ಬಿಡ್ತು ಅನ್ರಿ!" ಎಂದು ಕೂಗಿದರು.

ಬಾಯಿಂದ ಅಶುಭ ಬಿದ್ದರೆ ತಕ್ಷಣ 'ಬಿಡ್ತು' ಎಂದು ಆ ಮಾತನ್ನು ಕಳೆದುಬಿಡಬೇಕು. ಇದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹೇಳಿದವರೇ ಅನ್ನಬೇಕು, ಬೇರೆಯವರು ಅಂದರೆ ನಡೆಯುವುದಿಲ್ಲ. ಆದರೆ ಮಾವನವರು ಎಲ್ಲಿದ್ದರು? ಆನೆಯ ಮೇಲಿದ್ದರು! "ವೀರನ ಕಲ್ಲಿಗೆ ಯಾಕ ಬಿಡ್ತು ಅನ್ಬೇಕು? ಅದೇನು ಕೆಟ್ಟ ಮಾತಾ?" ಎಂದರು. ನನ್ನ ತಮ್ಮ ನಕ್ಕು, "ಮೂಗು ಮಾತ್ರ ಸರಿಯಾಗಿ ಕೆತ್ತಿಸ್ರಿ ಮಾವಾರೆ" ಎಂದ. 'ಬಿಡ್ತು' ಅನ್ನುವುದು ಹಾಗೇ ಉಳಿಯಿತು.

ಎಂಟು ದಿನಕ್ಕೆ ಕಲ್ಲು ಬಂತು. ಅವನ ಎತ್ತರದ್ದೇ, ನುಣ್ಣಗೆ, ಖಾಲಿ. ಅದನ್ನು ಹಿತ್ತಿಲ ಗೋಡೆಗೆ ಒರಗಿಸಿದರು. ನಾನು ಬಾವಿಗೆ ಹೋಗುವಾಗ ಆ ಕಡೆ ನೋಡದೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಅದರ ಮುಂದಿನ ದೀಪಾವಳಿಯ ಹೊತ್ತಿಗೆ ಚೀನಾದವರು ಗಡಿ ದಾಟಿದ ಸುದ್ದಿ ರೇಡಿಯೋದಲ್ಲಿ ಬಂತು. ನನ್ನ ತಮ್ಮ ಇದ್ದದ್ದು ಅಲ್ಲೇ. ವಾರಕ್ಕೊಂದು ಬರುತ್ತಿದ್ದ ಅವನ ಕಾಗದ ನಿಂತುಹೋಯಿತು.

ಜೀವಮಾನವೆಲ್ಲ ಯುದ್ಧದ ಕನಸು ಕಂಡವರ ಕಾಲಕ್ಕೆ ನಿಜವಾದ ಯುದ್ಧ ಬಂದಿದೆ. ಮಾವನವರು ರೇಡಿಯೋ ಮುಂದೆಯೇ ಕೂರುತ್ತಾರೆಂದು ಪೇಟೆಯವರೆಲ್ಲ ಅಂದುಕೊಂಡಿದ್ದರು. ಅವರು ಎರಡನೇ ದಿನವೇ ರೇಡಿಯೋ ಆರಿಸಿ ಮೇಲೆ ಬಟ್ಟೆ ಮುಚ್ಚಿದರು. ಅಂಗಡಿಗೆ ಬಂದವರು ಯುದ್ಧದ ಮಾತೆತ್ತಿದರೆ, "ಅರಿವಿ ವಿಷಯ ಮಾತಾಡ್ರಿ" ಎನ್ನುವರು. ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬಿ ತುಂಬಿಯೇ ಇತ್ತು. ದಿನವೂ ತಾವೇ ಅಂಚೆ ಕಚೇರಿಗೆ ಹೋಗಿ ಬರಿಗೈಯಲ್ಲಿ ಬಂದು, ನನ್ನ ಮುಖ ನೋಡದೆ ಒಳಗೆ ಹೋಗುವರು. ನನಗೆ ಅವರ ಮೇಲೆ ತಡೆಯಲಾರದ ಕೋಪ ಬಂದಿತ್ತು. ಎರಡೇ ಅಕ್ಷರ! ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಒಂದು ಬೆಳಿಗ್ಗೆ, ಮಿಲ್ಲಿನ ಸೈರನ್ ಕೂಗುವ ಮುಂಚೆ, ಹಿತ್ತಿಲಿನಿಂದ ಧಪ್ ಧಪ್ ಎಂದು ಸದ್ದು ಕೇಳಿತು. ಬಟ್ಟೆ ಒಗೆಯುವವಳು ಬರುವ ಹೊತ್ತಲ್ಲ. ಹೋಗಿ ನೋಡಿದರೆ, ಗೋಡೆಗೆ ಒರಗಿದ್ದ ಕಲ್ಲು ನೆಲಕ್ಕೆ ಬಿದ್ದುಕೊಂಡಿದೆ. ತಮ್ಮ ಕರವಸ್ತ್ರವನ್ನೂ ಒಂದು ದಿನ ಹಿಂಡಿರದ ಮಾವನವರು ಕಚ್ಚೆ ಕಟ್ಟಿ, ಒಗೆದಿಟ್ಟ ಧೋತರವನ್ನೇ ಮತ್ತೆ ನೆನೆಸಿ, ಎತ್ತಿ ಎತ್ತಿ ಕಲ್ಲಿಗೆ ಬಡಿಯುತ್ತಿದ್ದಾರೆ. ಪ್ರತಿ ಏಟಿಗೂ ಬಾಯಲ್ಲಿ ಒಂದೇ ಮಾತು.

"ಬಿಡ್ತು! ಬಿಡ್ತು! ಬಿಡ್ತು!"

"ಮಾವಾರೆ" ಎಂದೆ. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ.

ಅವರು ತಿರುಗಲಿಲ್ಲ. "ಅವತ್ತು ಅನ್ಲಿಲ್ಲ ನೋಡವ್ವಾ. ಈಗ ಅಂತಿದೀನಿ. ತಡಾ ಆತಂತ ನಡಿಯಲ್ಲೇನು? ಈ ಕಲ್ಲಿನ ಮ್ಯಾಲೆ ಯಾರೂ ಬ್ಯಾಡ. ಕೈಲಾಸಾನೂ ಬ್ಯಾಡ. ಬಟ್ಟಿ ಒಗಿಯಾನ, ತಾಯಿ. ಬರೇ ಬಟ್ಟಿ ಒಗಿಯಾನ."

ನಾನು ಧೋತರದ ಇನ್ನೊಂದು ತುದಿ ಹಿಡಿದು ಹಿಂಡಿದೆ. ಇಬ್ಬರೂ ಅಳುತ್ತಿದ್ದೆವು. ಅಂದಿನಿಂದ ದಿನವೂ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆವು. ಅತ್ತೆಯವರು ನೀರು ಸೇದಿ ಕೊಡುತ್ತಿದ್ದರು.

ಕಾಗದ ಬಂದದ್ದು ಸಂಕ್ರಾಂತಿ ಕಳೆದ ಮೇಲೆ, ಯಾವುದೋ ಸೈನಿಕ ಆಸ್ಪತ್ರೆಯಿಂದ. ಹಿಮದಲ್ಲಿ ಎಡಗಾಲಿನ ಎರಡು ಬೆರಳು ಹೋಗಿದ್ದವು. ಬೆರಳು ಹೋದರೂ ಅವನು ಉಳಿದಿದ್ದ!

ಬೇಸಿಗೆಯಲ್ಲಿ ಅವನು ಕುಂಟುತ್ತ ದಾವಣಗೆರೆಗೆ ಬಂದ ದಿನ, ಮಾವನವರು ಯಾರಿಗೂ ಬಿಡದೆ ತಾವೇ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಅದೇ ಕಲ್ಲಿನ ಮೇಲೆ ಕೂರಿಸಿ, ಮೈಮೇಲೆ ಬಿಸಿನೀರು ಹುಯ್ದರು. ಕಡಲೆಹಿಟ್ಟು ತರಿಸಿ ಬೆನ್ನಿಗೆಲ್ಲ ಹಚ್ಚಿದರು. ಹಚ್ಚಿದವರು ಹಳೆಯ ರೂಢಿಯಂತೆ ಕಣ್ಣು ಹತ್ತಿರ ತಂದು, ಅಂಗೈಯಿಂದ ಮೆಲ್ಲಗೆ ಒರೆಸಿ ನೋಡತೊಡಗಿದರು.

"ಏನ್ ಓದ್ತಿದೀರಿ ಮಾವಾರೆ? ಏನ್ ಬರದೈತೆ?" ಎಂದು ನನ್ನ ತಮ್ಮ ಕಿಲಕಿಲ ನಕ್ಕ.

"ಏನೂ ಬರದಿಲ್ಲಪ್ಪಾ" ಎಂದರು ಮಾವನವರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. "ಏನೂ ಬರದಿಲ್ಲ."