ಕೌಂಟರ ಟೋಪಿ

ಮಂಗಳವಾರ ಬೆಳಿಗ್ಗೆ ಕೌಂಟ್ ಓರ್ಸೆನ್ ಶಾಂತಿ ಮಂಡಳಿಯ ಸಭೆಯಿಂದ ಸಿಟ್ಟು ಮಾಡಿಕೊಂಡು ಎದ್ದು ಹೋದರು. ಅವರ ಟೋಪಿ ನನ್ನ ಬಳಿ ಉಳಿಯಿತು.

ಜಿನೀವಾದಲ್ಲಿ ಮಂಡಳಿ ಶುರುವಾದಾಗಿನಿಂದ ಟೋಪಿ, ಕೋಟು, ಕೊಡೆ ಕಾಯುವ ಕೋಣೆ ನನ್ನದು. ಒಳಗೆ ಅವರು ಯುದ್ಧ ನಿಲ್ಲಿಸುತ್ತಾರೆ. ಹೊರಗೆ ನಾನು ಹಿತ್ತಾಳೆ ಬಿಲ್ಲೆ ಕೊಟ್ಟು ಟೋಪಿ ಇಟ್ಟುಕೊಳ್ಳುತ್ತೇನೆ. ನನ್ನ ಕಡೆಯಿಂದ ಈವರೆಗೆ ಏನೂ ಕಳೆದಿಲ್ಲ.

ಕೌಂಟರ ದೇಶದ ಸೈನ್ಯ ಹಿಂದಿನ ದಿನ ಪಕ್ಕದ ಟಾರ್ವೇನಿಯಕ್ಕೆ ನುಗ್ಗಿತ್ತು. ವಾಪಸು ಹೋಗಿ ಎಂದು ಹೇಳುವ ಠರಾವು ಮಂಡಳಿಯ ಮುಂದಿತ್ತು. ಠರಾವು ಆಗಬೇಕಾದರೆ ಹಾಜರಿದ್ದ ಸದಸ್ಯರೆಲ್ಲ ಒಪ್ಪಬೇಕು. ಕೌಂಟರೂ ಸದಸ್ಯರೇ. ಅವರು ಒಪ್ಪಿರಲಿಲ್ಲ. ಈಗ ಅವರೇ ಹೋದರಲ್ಲ ಎಂದು ಟಾರ್ವೇನಿಯದ ಪ್ರತಿನಿಧಿ ಬೆರ್ಕಾ ಅವರ ಮುಖಕ್ಕೆ ಕಳೆ ಬಂತು.

ಅಧ್ಯಕ್ಷ ದುವಾಲ್ ನನ್ನ ಬಾಗಿಲಿಗೆ ಬಂದರು.

"ಬುಷೇ, ಕೌಂಟರು ಟೋಪಿ ತಗೊಂಡು ಹೋದ್ರಾ?"

"ಇಲ್ಲ ಸ್ವಾಮಿ."

"ಹಾಗಾದ್ರೆ ಅವರು ಹೋಗಿಲ್ಲ."

ಬೆರ್ಕಾ ಸ್ಟೇಷನ್ನಿಗೆ ಓಡಿ ಹೋಗಿ ಬಂದರು. "ರೈಲು ಹತ್ತಿದ್ರು ಸ್ವಾಮಿ. ಕಣ್ಣಾರೆ ನೋಡ್ದೆ."

"ತಲೆ ಮೇಲೆ ಟೋಪಿ ಇತ್ತಾ?"

"ಇರಲಿಲ್ಲ."

"ಬರಿ ತಲೇಲಿ ಪ್ರಯಾಣ ಹೊರಡೋ ಕೌಂಟರನ್ನ ಎಲ್ಲಾದ್ರೂ ಕಂಡಿದ್ದೀರಾ? ಇಲ್ಲೇ ಎಲ್ಲೋ ಇರ್ತಾರೆ."

ನಿಯಮ ಸ್ಪಷ್ಟವಾಗಿತ್ತು. ಯಾವ ಸದಸ್ಯರ ಟೋಪಿಯು ಕಟ್ಟಡದಲ್ಲಿರುವುದೋ, ಆ ಸದಸ್ಯರು ಸಭೆಯಲ್ಲಿ ಹಾಜರಿರುವುದಾಗಿ ಭಾವಿಸತಕ್ಕದ್ದು. ಸಿಗರೇಟು ಸೇದಲು ಹೊರಗೆ ಹೋಗುವವರ ಅನುಕೂಲಕ್ಕೆಂದು ಮಾಡಿದ್ದು.

ಕೌಂಟರು ಟೋಪಿಯನ್ನು ಮರೆತರೋ, ಬೇಕೆಂದೇ ಬಿಟ್ಟರೋ ಎಂದು ತಿಳಿಯಲು ಉಪಸಮಿತಿ ನೇಮಕವಾಯಿತು. ಅವರು ಬಂದು ಟೋಪಿಯನ್ನು ಸುತ್ತ ನೋಡಿದರು. ಮುಟ್ಟಲಿಲ್ಲ. ಆಮೇಲೆ ಸರೋವರದ ದಂಡೆಗೆ ಮೀನಿನ ಊಟಕ್ಕೆ ಹೋದರು.

ಟೆಲಿಫೋನ್ ಇರುವುದು ನನ್ನ ಕೋಣೆಯಲ್ಲಿ. ಬೆರ್ಕಾ ಅವರ ಅಕ್ಕ ಟಾರ್ವೇನಿಯದ ಸೇಲ್ನಾ ಎಂಬ ಊರಿನಲ್ಲಿ ಬೇಕರಿ ಇಟ್ಟಿದ್ದರು. ಅವರ ದನಿ ದೊಡ್ಡದು. ದೂರ ನಿಂತರೂ ನನಗೆ ಕೇಳುತ್ತಿತ್ತು.

"ಸೇತುವೆ ದಾಟಿದ್ರು ಕಣೋ. ನಿಮ್ಮೋರು ಏನ್ ಮಾಡ್ತಿದಾರೆ?"

"ಸ್ವಲ್ಪ ತಡಿ ಅಕ್ಕ. ಟೋಪಿ ವಿಷಯ ಇತ್ಯರ್ಥ ಆಗ್ತಿದೆ."

"ಯಾರ ಟೋಪಿನೋ?"

ಬೆರ್ಕಾ ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಬುಷೇ, ಅದನ್ನ ಕೊಟ್ಟುಬಿಡಯ್ಯ. ಅಂಚೇಲಿ ಕಳಿಸಿಬಿಡ್ತೀನಿ."

"ಬಿಲ್ಲೆ ಕೊಡಿ."

"ಬಿಲ್ಲೆ ಅವರ ಜೇಬಲ್ಲಿದೆ."

"ಹಾಗಾದ್ರೆ ಅವರೇ ಬರಲಿ."

"ಅಲ್ಲಿ ನಮ್ಮಕ್ಕ ಇದಾಳೆ ಮಾರಾಯ."

"ಇಲ್ಲಿ ಟೋಪಿ ಇದೆ. ನನ್ನ ಕೆಲಸ ಅದು."

ಶುಕ್ರವಾರ ಅಕ್ಕನ ಫೋನ್ ಮತ್ತೆ ಬಂತು. ಸಿಪಾಯಿಗಳು ಬಂದೂಕುಗಳನ್ನು ಒಲೆಗೆ ಒರಗಿಸಿ ಬ್ರೆಡ್ಡಿಗೆ ಕಾಯುತ್ತಿದ್ದರಂತೆ.

"ಬಿಟ್ಟು ಬಂದುಬಿಡೇ ಅಕ್ಕ."

"ಒಲೇಲಿ ಬ್ರೆಡ್ ಇದೆ. ಬೆಂದ ಮೇಲೆ ನೋಡ್ತೀನಿ."

ಅಷ್ಟರಲ್ಲಿ ಲೈನು ಕಡಿಯಿತು. ಬೆರ್ಕಾ ಗೂಟದಿಂದ ಟೋಪಿ ಕಿತ್ತುಕೊಂಡು ಬಾಗಿಲ ಕಡೆ ಓಡಿದರು. ಮೆಟ್ಟಿಲ ಮೇಲೆ, ಊಟ ಮುಗಿಸಿ ಬರುತ್ತಿದ್ದ ಉಪಸಮಿತಿಯೇ ಅವರನ್ನು ಹಿಡಿಯಿತು.

ಮಂಡಳಿ ಕೂಡಲೇ ತುರ್ತು ಸಭೆ ಸೇರಿತು. ಪರರ ಟೋಪಿಯ ಮೇಲೆ ನಡೆದ ಅತಿಕ್ರಮಣವನ್ನು ಕಟುವಾಗಿ ಖಂಡಿಸಲಾಯಿತು. ಟೋಪಿ ಗೂಟಕ್ಕೆ ವಾಪಸು ಬಂದಿದ್ದರಿಂದ ಕೌಂಟರೂ ಹಾಜರಿದ್ದಾರೆಂದೂ, ಟೋಪಿ ಅವರದೇ ಆದ್ದರಿಂದ ಈ ಖಂಡನೆಗೆ ಅವರ ಒಪ್ಪಿಗೆ ಇದೆಯೆಂದೂ ತೀರ್ಮಾನವಾಯಿತು. ಬೆರ್ಕಾ ಸಂಭಾವಿತರು. ಅವರೂ ಕೈ ಎತ್ತಿದರು. ಮಂಡಳಿಯಲ್ಲಿ ಎಲ್ಲರೂ ಒಪ್ಪಿದ ಮೊದಲನೆಯ ಠರಾವು ಅದು. ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣು ಒದ್ದೆಯಾಗಿತ್ತು.

ಪ್ರಾಯಶ್ಚಿತ್ತವಾಗಿ, ಕೌಂಟರು ಬರುವವರೆಗೆ ಪ್ರತಿ ಶನಿವಾರ ಬೆರ್ಕಾ ಆ ಟೋಪಿಗೆ ಬ್ರಷ್ ಹಾಕತಕ್ಕದ್ದು ಎಂದಾಯಿತು.

ಮುಂದಿನ ವಾರ ಟಾರ್ವೇನಿಯ ಎಂಬ ದೇಶ ಇಲ್ಲವಾಯಿತು. ಮಂಡಳಿಯವರು ಬೆರ್ಕಾ ಅವರ ಕುರ್ಚಿ ತೆಗೆಸಿದರು. ಬ್ರಷ್ಷಿನ ಆದೇಶವನ್ನು ಯಾರೂ ರದ್ದು ಮಾಡಲಿಲ್ಲ. ಬೆರ್ಕಾ ಪ್ರತಿ ಶನಿವಾರ ಬರುತ್ತಾರೆ. ನಾನು ಕಾಫಿ ಕೊಡುತ್ತೇನೆ.

ಚಳಿಗಾಲದ ಒಂದು ಶನಿವಾರ ಅವರ ಅಕ್ಕ ಬಂದರು. ಕೈಯಲ್ಲಿ ಒಂದು ಚೀಲ. ಬೇಕರಿಯಲ್ಲಿ ಈಗ ಬೇರೆಯವರಿದ್ದಾರಂತೆ. ಕೋಟು ಕೊಟ್ಟರು, ನಾನು ಬಿಲ್ಲೆ ಕೊಟ್ಟೆ. ಗೂಟದ ಮುಂದೆ ಹೋಗಿ ನಿಂತರು.

"ಇದೇನಾ?"

"ಇದೇ ಅಕ್ಕ."

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಬಲಗಡೆ ಧೂಳಿದೆ ನೋಡೋ."

ಬೆರ್ಕಾ ಬ್ರಷ್ ತೆಗೆದುಕೊಂಡು ಒರೆಸಿದರು.